ಟೊರಿನೊ ತಂಡದ ಕಡೆಯ ನಾಲ್ಕು ಪಂದ್ಯಗಳು

ಕಾಲ್ಚೆಂಡಿನ ಆಟದ ವಿಷಯವಾಗಿ ಬರೆಯಲು ನಮಗೆ ಅಧಿಕಾರವೇನು ಎಂದು ವಾಚಕರು ಕೇಳಬಹುದು. ನಾವು ಮೂವತ್ತು ವರ್ಷಗಳಿಗೆ ಮಿಗಿಲಾಗಿ ಶಾಲೆಯಲ್ಲಿ ಸಂಸ್ಕೃತವನ್ನು ಪಾಠ ಹೇಳಿದವರು; ಶಬ್ದರೂಪ ಧಾತುರೂಪಗಳೊಡನೆ ನಮಗಿರುವ ಬಳಕೆ ಚೆಂಡಿನೊಡನೆ ಇಲ್ಲ. ಆದರೆ ಬೇಸಗೆಯ ರಜೆಗೆ ಬಂದಿದ್ದ ನಮ್ಮ ಮೊಮ್ಮಗನು ದೂರದರ್ಶನದಲ್ಲಿ ಇಟಲಿ ದೇಶದ ಪಂದ್ಯವೊಂದನ್ನು ನೋಡುತ್ತ, ಕಡುಗೆಂಪು ಅಂಗಿಯ ತಂಡವು ಸೋತುದನ್ನು ಕಂಡು, “ತಾತ, ಇವರು ಎಂದಾದರೂ ಗೆದ್ದದ್ದುಂಟೆ?” ಎಂದು ಕೇಳಿದನು. ಕೇಳಿದ ಪ್ರಶ್ನೆಗೆ ಉತ್ತರ ಹೇಳದೆ ಬಿಡುವುದು ನಮ್ಮ ವೃತ್ತಿಯಲ್ಲಿ ಸಲ್ಲದು. ಹುಡುಕಿ ನೋಡಲಾಗಿ ದೊರೆತ ವೃತ್ತಾಂತವು ಆಟದಲ್ಲಿ ಆಸಕ್ತಿಯಿಲ್ಲದ ಗೃಹಸ್ಥರೂ ತಿಳಿಯತಕ್ಕದ್ದೆಂದು ತೋರಿದ್ದರಿಂದ ಇಲ್ಲಿ ನಿವೇದಿಸುತ್ತಿದ್ದೇವೆ.

ಇಟಲಿಯ ವಾಯವ್ಯ ಮೂಲೆಯಲ್ಲಿ, ಆಲ್ಪ್ಸ್ ಪರ್ವತಗಳ ಮಗ್ಗುಲಲ್ಲಿ, ಪೊ ನದಿಯ ದಡದಲ್ಲಿ ಟೊರಿನೊ ಎಂಬ ಪುರಾತನ ನಗರವುಂಟು. ಇಂಗ್ಲಿಷರು ಇದನ್ನು ಟ್ಯೂರಿನ್ ಎನ್ನುತ್ತಾರೆ. ಫಿಯಟ್ ಮೋಟಾರು ಕಾರ್ಖಾನೆಯಿಂದ ಇದು ಲೋಕಪ್ರಸಿದ್ಧವಾಯಿತು. ಈ ನಗರದ ಹೆಸರನ್ನೇ ಹೊತ್ತ ಕಾಲ್ಚೆಂಡಿನ ಸಂಘವು 1906ನೆಯ ಇಸವಿ ಡಿಸೆಂಬರಿನಲ್ಲಿ ಸ್ಥಾಪಿತವಾಯಿತು. ಅದರ ಲಾಂಛನ ಗೂಳಿ. ಅಂಗಿಯ ಬಣ್ಣವನ್ನು ಅಲ್ಲಿಯವರು ‘ಗ್ರನಾತ’ ಎಂದು ಕರೆಯುತ್ತಾರೆ; ಆ ಶಬ್ದಕ್ಕೆ ದಾಳಿಂಬೆಯೆಂದೂ ಅರ್ಥವಿದೆ.

ಅಲ್ಲಿಯ ರಾಷ್ಟ್ರೀಯ ಸ್ಪರ್ಧೆಯ ಕ್ರಮವನ್ನು ಮೊದಲು ತಿಳಿದುಕೊಳ್ಳಬೇಕು. ಸೋತ ತಂಡವು ಒಡನೆಯೇ ಮನೆಗೆ ಹೋಗುವ ಪದ್ಧತಿ ಅದರಲ್ಲಿಲ್ಲ. ನಾವು ಹೇಳಹೊರಟಿರುವ 1948-49ನೆಯ ಸಾಲಿನಲ್ಲಿ ಇಪ್ಪತ್ತು ತಂಡಗಳಿದ್ದುವು. ಪ್ರತಿಯೊಂದು ತಂಡವೂ ಉಳಿದ ಪ್ರತಿಯೊಂದರೊಡನೆ ತನ್ನೂರಿನಲ್ಲೊಮ್ಮೆ, ಎದುರಾಳಿಯ ಊರಿನಲ್ಲೊಮ್ಮೆ ಆಡತಕ್ಕದ್ದು. ಅಂತು 38 ಪಂದ್ಯಗಳು. ಗೆಲವಿಗೆ ಆಗ ಎರಡು ಅಂಕ, ಸಮಸಮವಾದರೆ ಒಂದು. ಮಾಗಿಯ ಮಂಜನ್ನೂ ವಸಂತದ ಮಳೆಯನ್ನೂ ದಾಟಿ ಅತ್ಯಧಿಕ ಅಂಕಗಳನ್ನು ಕೂಡಿಸಿದವರೇ ಆ ವರ್ಷದ ವಿಜೇತರು. ಇದು ಒಂದು ದಿನದ ಪರೀಕ್ಷೆಯಲ್ಲ, ವರ್ಷವೆಲ್ಲ ಬರೆದ ದಿನಪಾಠದ ಲೆಕ್ಕವೆಂದರೆ ನಮ್ಮ ಕಡೆಯ ಮಕ್ಕಳಿಗೂ ತಿಳಿದೀತು.

1939ರಲ್ಲಿ ಫೆರುಚ್ಚೊ ನೋವೊ ಎಂಬ ಉದ್ಯಮಿಯು ಈ ಸಂಘದ ಅಧ್ಯಕ್ಷನಾದನು. ಆತನು ಒಳ್ಳೆಯ ಆಟಗಾರರನ್ನು ಒಬ್ಬೊಬ್ಬರನ್ನಾಗಿ ಆರಿಸಿ ತಂದನು. 1942ರಲ್ಲಿ ವೆನಿಸಿನ ತಂಡದಿಂದ ಎತ್ಸಿಯೊ ಲೋಯಿಕ್, ವಾಲೆಂಟಿನೊ ಮಾತ್ಸೊಲಾ ಎಂಬ ಇಬ್ಬರು ಬಂದುದರಿಂದ ತಂಡಕ್ಕೆ ಪೂರ್ಣತೆಯುಂಟಾಯಿತು. ಮರುವರ್ಷವೇ ರಾಷ್ಟ್ರೀಯ ಸ್ಪರ್ಧೆಯೂ ಇಟಲಿಯ ಕಪ್ಪೂ ಎರಡೂ ಟೊರಿನೊದ ಪಾಲಾದುವು. ಅಷ್ಟರಲ್ಲಿ ಮಹಾಯುದ್ಧದ ಬಿಸಿ ಹೆಚ್ಚಿತು. ಆಟಗಾರರನ್ನು ಫಿಯಟ್ ಕಾರ್ಖಾನೆಯ ಕೆಲಸಗಾರರ ಪಟ್ಟಿಯಲ್ಲಿ ಸೇರಿಸಿ ಸೈನ್ಯದಿಂದ ಉಳಿಸಿಕೊಳ್ಳಬೇಕಾಯಿತು. ಯುದ್ಧ ಮುಗಿದ ತರುವಾಯ 1946, 1947, 1948 ಈ ಮೂರು ವರ್ಷಗಳಲ್ಲಿಯೂ ಇದೇ ತಂಡವು ಗೆದ್ದಿತು. 1947-48ರಲ್ಲಿ 40 ಪಂದ್ಯಗಳಲ್ಲಿ 125 ಗೋಲುಗಳನ್ನು ಹೊಡೆದಿತು. ಅಲೆಸಾಂಡ್ರಿಯಾ ತಂಡವನ್ನು ಒಂದೇ ದಿನ ಹತ್ತು ಗೋಲುಗಳಿಂದ ಸೋಲಿಸಿತು. 1947ರ ಮೇ 11ರಂದು ಇಟಲಿಯು ಹಂಗೆರಿಯನ್ನು ಎದುರಿಸಿದಾಗ ದೇಶದ ಹನ್ನೊಂದು ಮಂದಿಯಲ್ಲಿ ಹತ್ತು ಮಂದಿ ಟೊರಿನೊದವರೇ ಆಗಿದ್ದರು.

ಈ ತಂಡದ ಮನೆಯಂಗಳವು ಫಿಲಡೆಲ್ಫಿಯಾ ಎಂಬ ಮೈದಾನ. 1943ರಿಂದ ಆರು ವರ್ಷಗಳ ಕಾಲ ರಾಷ್ಟ್ರೀಯ ಸ್ಪರ್ಧೆಯಲ್ಲಿ ಅಲ್ಲಿ ಇವರನ್ನು ಯಾರೂ ಸೋಲಿಸಲಾಗಲಿಲ್ಲ. ಆಟವು ಮಂದವಾಯಿತೆಂದು ತೋರಿದಾಗ ಪ್ರೇಕ್ಷಕರ ನಡುವಿನಿಂದ ಬೊಲ್ಮಿದಾ ಎಂಬ ರೈಲ್ವೆಯ ನೌಕರನು ತುತೂರಿಯನ್ನು ಊದುತ್ತಿದ್ದನಂತೆ. ಅದನ್ನು ಕೇಳಿ ನಾಯಕನಾದ ಮಾತ್ಸೊಲಾ ಅಂಗಿಯ ತೋಳುಗಳನ್ನು ಮಡಿಸಿಕೊಳ್ಳುವನು. ಅಲ್ಲಿಂದ ಕಾಲು ಗಂಟೆ ಎದುರಾಳಿಗಳಿಗೆ ಉಸಿರಾಡಲೂ ಬಿಡುವಿಲ್ಲ. ‘ಗ್ರನಾತ ಕಾಲುಗಂಟೆ’ ಎಂಬ ಮಾತು ಇಂದಿಗೂ ಆ ನಗರದಲ್ಲಿ ಉಳಿದುಬಂದಿದೆ.

ಇವರನ್ನು ತಿದ್ದಿದವರಲ್ಲಿ ಮುಖ್ಯನು ಎಗ್ರಿ ಎರ್ಬ್‌ಸ್ಟೈನ್, ಹಂಗೆರಿ ದೇಶದ ಯೆಹೂದಿ. 1938ರಲ್ಲಿ ಟೊರಿನೊಗೆ ಬಂದಿದ್ದ ಆತನು ಇಟಲಿಯ ಜನಾಂಗದ್ವೇಷದ ಕಾನೂನುಗಳ ದೆಸೆಯಿಂದ ದೇಶವನ್ನೇ ಬಿಡಬೇಕಾಗಿ ಬಂದಿತು. ಯುದ್ಧಕಾಲದಲ್ಲಿ ಬಲಾತ್ಕಾರದ ದುಡಿಮೆಯ ಶಿಬಿರವನ್ನು ಕಂಡು, ಜೀವಸಹಿತ ಪಾರಾಗಿ, ಯುದ್ಧಾನಂತರ ನೋವೊವಿನ ಬಳಿಗೇ ಮರಳಿದನು. ತನ್ನನ್ನು ಹೊರಗಟ್ಟಿದ ದೇಶದ ಹುಡುಗರಿಗೆ ಹಿಂದಿರುಗಿ ಬಂದು ವಿದ್ಯೆ ಕಲಿಸಿದ ಈ ಶಿಕ್ಷಕನನ್ನು, ಅದೇ ವೃತ್ತಿಯವರಾದ ನಾವು ನೆನೆಯದೆ ಮುಂದೆ ಹೋಗಲಾರೆವು.

ಇನ್ನು 1948-49ರ ವೃತ್ತಾಂತ. ಆ ವರ್ಷದ ದಾರಿ ಹಿಂದಿನ ವರ್ಷದಷ್ಟು ಸುಗಮವಾಗಿರಲಿಲ್ಲ. ಮಿಲಾನ್ ನಗರದ ಇಂಟರ್ ತಂಡವು ಬೆನ್ನಟ್ಟಿ ಬರುತ್ತಿದ್ದಿತು. ಏಪ್ರಿಲ್ 30ರಂದು ಈ ಎರಡು ತಂಡಗಳೂ ಮಿಲಾನಿನಲ್ಲಿ ಎದುರೆದುರಾದುವು. ಅಸ್ವಸ್ಥನಾಗಿದ್ದ ಮಾತ್ಸೊಲಾ ಅಂದು ಆಡಲಿಲ್ಲ. ಒಂದು ಗೋಲೂ ಇಲ್ಲದೆ ಪಂದ್ಯವು ಸಮಸಮವಾಯಿತು. ಟೊರಿನೊಗೆ ನಾಲ್ಕು ಅಂಕಗಳ ಮುನ್ನಡೆ ಉಳಿಯಿತು. ಆಡಬೇಕಾದ ಪಂದ್ಯಗಳು ಇನ್ನು ನಾಲ್ಕೇ. ವಾಚಕರು ಈ ಲೆಕ್ಕವನ್ನು ನೆನಪಿನಲ್ಲಿಡಬೇಕು. ನಾಲ್ಕು ಪಂದ್ಯಗಳಿಗೆ ಎಂಟು ಅಂಕ. ಆದುದರಿಂದ ಗೆಲವು ಕೈಗೆಟಕುವಂತಿದ್ದರೂ ಕೈಸೇರಿರಲಿಲ್ಲ.

ಈ ಪಂದ್ಯವನ್ನು ಭಾನುವಾರದ ಬದಲು ಶನಿವಾರವೇ ಆಡಿದುದಕ್ಕೆ ಕಾರಣವಿದ್ದಿತು. ಫೆಬ್ರವರಿಯಲ್ಲಿ ಪೋರ್ಚುಗಲ್ ದೇಶದ ತಂಡವು ಇಟಲಿಗೆ ಬಂದಿದ್ದಾಗ ಅದರ ನಾಯಕನಾದ ಫ್ರಾನ್ಸಿಸ್ಕೊ ಫೆರೈರಾನಿಗೂ ಮಾತ್ಸೊಲಾನಿಗೂ ಸ್ನೇಹವಾಯಿತು. ಲಿಸ್ಬನ್ನಿನ ಬೆನ್ಫಿಕಾ ತಂಡದಲ್ಲಿದ್ದ ಫೆರೈರಾನ ಗೌರವಾರ್ಥವಾಗಿ ಅಲ್ಲಿ ಒಂದು ಪಂದ್ಯವನ್ನು ಆಡಬೇಕೆಂದು ಗೊತ್ತಾಯಿತು. ಅಂಕಗಳಿಗಾಗಲಿ ಪದವಿಗಾಗಲಿ ಸಂಬಂಧಿಸಿದ ಆಟವಲ್ಲ, ಸ್ನೇಹದ ಆಟ; ಕೊಟ್ಟ ಮಾತನ್ನು ನಡೆಸುವ ಪ್ರಯಾಣ. ಮೇ 3ರಂದು ಆಡಿದರು. ಬೆನ್ಫಿಕಾ ನಾಲ್ಕಕ್ಕೆ ಮೂರರಂತೆ ಗೆದ್ದಿತು.

ಮರುದಿನ, ಬುಧವಾರ ಬೆಳಗ್ಗೆ ಲಿಸ್ಬನ್ನಿನಿಂದ ಹೊರಟ ವಿಮಾನವು ಬಾರ್ಸಿಲೋನಾದಲ್ಲಿ ತಂಗಿ, ಮಧ್ಯಾಹ್ನದ ಮೇಲೆ ಟೊರಿನೊ ಕಡೆಗೆ ಹಾರಿತು. ನಗರದ ಪೂರ್ವಕ್ಕೆ ಸುಪೆರ್ಗಾ ಎಂಬ ಗುಡ್ಡವಿದೆ. 1706ರಲ್ಲಿ ಫ್ರೆಂಚರ ಮುತ್ತಿಗೆಯಿಂದ ನಗರವು ಪಾರಾದರೆ ಅಲ್ಲಿ ದೇವಾಲಯವನ್ನು ಕಟ್ಟಿಸುವೆನೆಂದು ಅರಸನು ಹರಕೆ ಹೊತ್ತಿದ್ದನು; ಯುವಾರಾ ಎಂಬ ಶಿಲ್ಪಿಯು ಅದನ್ನು ಕಟ್ಟಿದನು. ವಿಜಯದ ಹರಕೆಯ ಆ ದೇವಾಲಯವು ಅಂದು ಮೋಡ ಮಂಜುಗಳಲ್ಲಿ ಸಂಪೂರ್ಣವಾಗಿ ಮುಚ್ಚಿಹೋಗಿದ್ದಿತು. ಸಂಜೆ ಐದು ಗಂಟೆ ದಾಟಿದ ಕೆಲವೇ ನಿಮಿಷಗಳಲ್ಲಿ ವಿಮಾನವು ಅದರ ಹಿಂಬದಿಯ ಗೋಡೆಗೆ ಬಡಿಯಿತು. ಒಳಗಿದ್ದ 31 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಆಟಗಾರರು 18 ಮಂದಿ. ಎರ್ಬ್‌ಸ್ಟೈನನೂ ಇಂಗ್ಲೆಂಡಿನ ಶಿಕ್ಷಕ ಲೀವ್ಸ್ಲಿಯೂ ಅವರ ಜತೆಗಿದ್ದರು. ಮೂವರು ಪತ್ರಿಕಾಕರ್ತರು, ನಾಲ್ವರು ವಿಮಾನದ ಸಿಬ್ಬಂದಿ, ಉಳಿದವರು ಸಂಘದವರು.

ದೇಹಗಳನ್ನು ಗುರುತಿಸುವ ಕೆಲಸ ವಿತ್ತೋರಿಯೊ ಪೊತ್ಸೊ ಎಂಬ ವೃದ್ಧನ ಪಾಲಿಗೆ ಬಂದಿತು. ಆತನು ಯೌವನದಲ್ಲಿ ಟೊರಿನೊ ತಂಡದಲ್ಲೇ ಆಡಿದವನು. 1934ರಲ್ಲಿಯೂ 1938ರಲ್ಲಿಯೂ ಇಟಲಿಗೆ ವಿಶ್ವಕಪ್ಪನ್ನು ಗೆದ್ದುಕೊಟ್ಟ ಗುರು. ಸತ್ತವರಲ್ಲಿ ಹಲವರು ಆತನ ಕೈಯಲ್ಲೇ ದೇಶಕ್ಕಾಗಿ ಆಡಿದವರು. ಶಿಷ್ಯರ ಮುಖವನ್ನು ಇಂಥ ಸ್ಥಿತಿಯಲ್ಲಿ ಗುರುತಿಸಬೇಕಾದ ಗುರುವಿನ ಮನಸ್ಸನ್ನು ವರ್ಣಿಸಲು ನಾವು ಯತ್ನಿಸುವುದಿಲ್ಲ.

ಹೋಗಬೇಕಾಗಿದ್ದು ಉಳಿದವರೂ ಉಂಟು. ಅಧ್ಯಕ್ಷ ನೋವೊ ಅಸ್ವಸ್ಥನಾಗಿ ಮನೆಯಲ್ಲಿದ್ದನು. ಸೌರೊ ತೊಮಾ ಎಂಬ ಆಟಗಾರನು ಮೊಣಕಾಲಿನ ನೋವಿನಿಂದ ಉಳಿದನು. ತಂಡದ ಎರಡನೆಯ ಗೋಲುರಕ್ಷಕ ಗಂದೋಲ್ಫಿಗೆ ಬದಲಾಗಿ ಆ ಸಲ ಮೂರನೆಯವನಾದ ದೀನೊ ಬಲ್ಲರೀನನು ಹೋದನು. ದೀನೊವಿನ ಅಣ್ಣ ಆಲ್ದೊ ಅದೇ ತಂಡದಲ್ಲಿದ್ದನು. ಒಂದೇ ಮನೆಯ ಇಬ್ಬರು ಮಕ್ಕಳು ಒಟ್ಟಿಗೆ ಹೋದರು. ಇಂಥಲ್ಲಿ ನಮ್ಮ ಹಿರಿಯರು ಕಾಕತಾಲೀಯವೆನ್ನುವರು. ಕಾಗೆ ಬಂದು ಕೂಡುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸಂಬಂಧವಿಲ್ಲ ನಿಜ. ಆದರೆ ಆ ಸಮಾಧಾನವು ಹಣ್ಣು ಬಿದ್ದ ಮನೆಯವರಿಗೆ ಸಾಲದು. ತೊಮಾ 2018ರವರೆಗೆ, 92 ವರ್ಷ ಬದುಕಿದನು. ಉಳಿದ ಜೀವಮಾನವನ್ನೆಲ್ಲ ಹೋದ ಗೆಳೆಯರ ನೆನಪನ್ನು ಹೇಳುತ್ತ ಕಳೆದನು.

ಮೇ 6ರಂದು ನಡೆದ ಅಂತ್ಯಯಾತ್ರೆಗೆ ಐದು ಲಕ್ಷಕ್ಕೂ ಮೇಲ್ಪಟ್ಟು ಜನ ನೆರೆದರೆಂದು ಹೇಳುತ್ತಾರೆ. ಇಟಲಿಯ ಕಾಲ್ಚೆಂಡಿನ ಒಕ್ಕೂಟದ ಅಧ್ಯಕ್ಷನಾದ ಬರಾಸಿಯು ಆಟಗಾರರ ಹೆಸರುಗಳನ್ನು, ಮೈದಾನಕ್ಕೆ ಇಳಿಯುವ ಮುಂಚೆ ಕರೆಯುವಂತೆ, ಒಂದೊಂದಾಗಿ ಕರೆದನು. ಆ ವರ್ಷದ ವಿಜಯಪದವಿಯನ್ನು ಟೊರಿನೊಗೇ ಕೊಡಲಾಯಿತು.

ಆದರೆ ಪಂದ್ಯಗಳು ಇನ್ನೂ ನಾಲ್ಕು ಉಳಿದಿದ್ದುವಷ್ಟೆ. ಆಡುವವರು ಯಾರು? ಸಂಘದವರು ತಮ್ಮ ಕಿರಿಯರ ತಂಡದ ಹುಡುಗರನ್ನು ಕರೆದು ಆ ಅಂಗಿಗಳನ್ನು ತೊಡಿಸಿದರು. ಅಣ್ಣಂದಿರ ಆಟವನ್ನು ನೋಡಿ ಕಲಿಯುತ್ತಿದ್ದ ಮಕ್ಕಳು ದುರಂತ ನಡೆದ ಹನ್ನೊಂದನೆಯ ದಿನ, ಮೇ 15ರಂದು, ಫಿಲಡೆಲ್ಫಿಯಾ ಮೈದಾನಕ್ಕೆ ಇಳಿದರು. ಎದುರಾಳಿಯಾದ ಜೆನೋವಾ ತಂಡವು ತನ್ನ ಪ್ರಬಲರಾದ ಆಟಗಾರರನ್ನು ಬದಿಗಿರಿಸಿ ತಾನೂ ಕಿರಿಯರನ್ನೇ ಕಳುಹಿಸಿತು. ಮುಂದಿನ ಮೂರು ತಂಡಗಳೂ ಹಾಗೆಯೇ ಮಾಡಿದುವು. ಟೊರಿನೊದ ಹುಡುಗರು ಜೆನೋವಾವನ್ನು 4-0, ಪಲೆರ್ಮೊವನ್ನು 3-0, ಸಂಪ್ದೋರಿಯಾವನ್ನು 3-2, ಫಿಯೊರೆಂಟಿನಾವನ್ನು 2-0 ಹೀಗೆ ನಾಲ್ಕನ್ನೂ ಗೆದ್ದರು. ಲೆಕ್ಕವು ಮುಗಿದಾಗ ಟೊರಿನೊಗೆ 60 ಅಂಕ, ಇಂಟರಿಗೆ 55. ಮೇ 26ರಂದು ಅರ್ಜೆಂಟೀನಾದ ರಿವರ್ ಪ್ಲೇಟ್ ತಂಡವು ಸಮುದ್ರದಾಚೆಯಿಂದ ಬಂದು, ಸತ್ತವರ ಕುಟುಂಬಗಳ ಸಹಾಯಾರ್ಥವಾಗಿ ಟೊರಿನೊ ನಗರದಲ್ಲಿ ಆಡಿತು.

ಇಷ್ಟನ್ನು ಹೇಳಿದಾಗ ನಮ್ಮ ಮೊಮ್ಮಗನು ಕೊಂಚ ಯೋಚಿಸಿ, “ಎದುರಿನವರೂ ಹುಡುಗರನ್ನೇ ಕಳುಹಿಸಿದರೆ ಅದು ನಿಜವಾದ ಗೆಲವು ಹೇಗಾದೀತು, ತಾತ?” ಎಂದನು. ಪ್ರಶ್ನೆ ಸಾಧುವಾದುದೇ. ನಮಗೆ ತೋರಿದ ಸಮಾಧಾನ ಹೀಗಿದೆ. ಮೂವತ್ತನಾಲ್ಕು ಪಂದ್ಯಗಳ ಮುನ್ನಡೆಯನ್ನು ಹಿರಿಯರು ತಮ್ಮ ಶ್ರಮದಿಂದಲೇ ಗಳಿಸಿದ್ದರು. ಅದು ಯಾರ ದಯೆಯೂ ಅಲ್ಲ. ಪದವಿಯನ್ನು ಮೊದಲೇ ಕೊಟ್ಟಾಗಿದ್ದುದರಿಂದ ಆ ನಾಲ್ಕು ಪಂದ್ಯಗಳನ್ನು ಆಡದೆಯೇ ಬಿಡಬಹುದಾಗಿತ್ತು. ಹುಡುಗರು ಹಾಗೆ ಬಿಡಲಿಲ್ಲ. ಎದುರಾಳಿಗಳು ಅಂಕಗಳನ್ನು ದಾನಮಾಡಲಿಲ್ಲ, ಸಮಬಲರನ್ನು ಮಾತ್ರ ಕಳುಹಿಸಿದರು. ಸಂಪ್ದೋರಿಯಾದ ಹುಡುಗರು ಎರಡು ಗೋಲು ಹೊಡೆದರೆಂಬುದನ್ನು ನೋಡಿದರೆ ಅದು ನಾಟಕವಾಗಿರಲಿಲ್ಲವೆಂದು ತಿಳಿಯುತ್ತದೆ. ದುಃಖದಲ್ಲಿರುವವನಿಗೆ ಭಿಕ್ಷೆಯಿಕ್ಕುವುದು ಸುಲಭ; ಅವನ ಮಾನವನ್ನು ಕಾಪಾಡಿ ಎದುರಿಗೆ ನಿಲ್ಲುವುದು ಕಷ್ಟ. ಜೆನೋವಾ ಮೊದಲಾದ ತಂಡಗಳು ಈ ಕಷ್ಟವಾದುದನ್ನು ಮಾಡಿದುವು. ಸಾವಿನ ಮನೆಗೆ ಹೋದಾಗ ಹೇಗೆ ನಡೆದುಕೊಳ್ಳಬೇಕೆಂಬುದನ್ನು ಕಲಿಯಲು ಗೃಹಸ್ಥರಾದ ನಮಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಬೇಕಿಲ್ಲ.

ಆಮೇಲಿನ ಕಥೆಯನ್ನು ಸಂಕ್ಷೇಪವಾಗಿ ಹೇಳುವೆವು. 1950ರ ವಿಶ್ವಕಪ್ಪಿಗೆ ಇಟಲಿಯ ತಂಡವು ವಿಮಾನವನ್ನು ಬಿಟ್ಟು ಹಡಗಿನಲ್ಲಿ ಬ್ರಜಿಲಿಗೆ ಹೋಯಿತು. ಮೊದಲ ಪಂದ್ಯದಲ್ಲೇ ಸ್ವೀಡನ್ನಿಗೆ ಸೋತು ಬೇಗನೆ ಹಿಂದಿರುಗಿತು. ಟೊರಿನೊ ಮತ್ತೆ ರಾಷ್ಟ್ರೀಯ ಪದವಿಯನ್ನು ಪಡೆಯಲು 1976ರವರೆಗೆ ಕಾಯಬೇಕಾಯಿತು. ತಂದೆ ತೀರಿದಾಗ ಆರು ವರ್ಷದವನಾಗಿದ್ದ ಸಾಂದ್ರೊ ಮಾತ್ಸೊಲಾ ಬೆಳೆದು ದೊಡ್ಡ ಆಟಗಾರನಾದನು. ತಂದೆಯ ತಂಡವನ್ನು ಬೆನ್ನಟ್ಟಿದ್ದ ಅದೇ ಇಂಟರ್ ತಂಡಕ್ಕಾಗಿ ಆಡಿ, 1964ರಲ್ಲಿಯೂ 1965ರಲ್ಲಿಯೂ ಯೂರೋಪಿನ ಕಪ್ಪನ್ನು ಗೆದ್ದವರಲ್ಲಿ ಒಬ್ಬನಾದನು.

ವರ್ಷಂಪ್ರತಿ ಮೇ 4ರಂದು ಟೊರಿನೊ ತಂಡದವರು ಸುಪೆರ್ಗಾ ಗುಡ್ಡವನ್ನೇರುತ್ತಾರೆ. ತಂಡದ ನಾಯಕನು ಹಿಂಬದಿಯ ಗೋಡೆಯ ಬಳಿ ನಿಂತು ಆ ಹೆಸರುಗಳನ್ನು ಓದುತ್ತಾನೆ. ಜನರು ಮೌನವಾಗಿ ಕೇಳುತ್ತಾರೆ. ನಾವೂ ಮೂವತ್ತು ವರ್ಷಗಳಿಗೆ ಮಿಗಿಲಾಗಿ ಪ್ರತಿದಿನವೂ ಬೆಳಗ್ಗೆ ಹಾಜರಿ ಕರೆದವರು. ಹೆಸರು ಕರೆದಾಗ ಉತ್ತರ ಬಾರದಿದ್ದರೆ ಪುಸ್ತಕದಲ್ಲಿ ಒಂದು ಗೆರೆಯೆಳೆದು ಮುಂದಿನ ಹೆಸರಿಗೆ ಹೋಗುವುದು ನಮ್ಮ ಅಭ್ಯಾಸವಾಗಿದ್ದಿತು. ಒಂದು ವರ್ಷ ಮಾತ್ರ, ಜ್ವರದಿಂದ ತೀರಿಕೊಂಡ ಹುಡುಗನೊಬ್ಬನ ಹೆಸರನ್ನು ಮರುದಿನ ಮರೆತು ಕರೆದುಬಿಟ್ಟೆವು. ತರಗತಿಯು ಒಮ್ಮೆಲೇ ನಿಶ್ಶಬ್ದವಾಯಿತು. ಆಗ ಅವನ ಪಕ್ಕದಲ್ಲಿ ಕೂಡುತ್ತಿದ್ದ ಹುಡುಗನು ಎದ್ದು ನಿಂತನು. ಏನನ್ನೂ ಹೇಳಲಿಲ್ಲ, ಸ್ವಲ್ಪ ಹೊತ್ತು ನಿಂತಿದ್ದು ಕುಳಿತುಕೊಂಡನು. ಅದರ ಅರ್ಥವು ನಮಗೆ ಅಂದು ಪೂರ್ತಿಯಾಗಿ ಆಗಿರಲಿಲ್ಲ. ಟೊರಿನೊದ ಹುಡುಗರು ಆ ನಾಲ್ಕು ಪಂದ್ಯಗಳಲ್ಲಿ ಮಾಡಿದುದೂ ಅದನ್ನೇ ಎಂದು ಈಗ ತೋರುತ್ತದೆ.

ಮೊಮ್ಮಗನ ಪ್ರಶ್ನೆಗೆ, ಹೌದು, ಅವರು ಗೆದ್ದದ್ದುಂಟು ಎಂದು ಉತ್ತರ ಹೇಳಿದೆವು. ರಜೆ ಮುಗಿದು ಊರಿಗೆ ಹೋಗುವಾಗ ಆ ಹದಿನೆಂಟು ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಡಬೇಕೆಂದು ಕೇಳಿದನು, ಬರೆದುಕೊಟ್ಟೆವು.