ಬೇರಿನಲ್ಲಿದೆ ನಿಜ, ಕುದಿಸಿ ಕುಡಿಯುವಂಥದ್ದಲ್ಲ

ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಎಂದು ಗೊತ್ತಾದರೆ ಸಾಕು, ಯಾವುದೋ ಬೇರಿನ ಹೆಸರು ವಾಟ್ಸ್‌ಆ್ಯಪ್‌ನಲ್ಲಿ ಬಂದೇ ಬರುತ್ತದೆ. ಘೋಡಬಂದರ್ ರಸ್ತೆಯವರಿಗೆ ಯೇವೂರು ಕಾಡು ಬೆನ್ನ ಹಿಂದೆಯೇ ಇರುವುದರಿಂದ ‘ಅಲ್ಲೇ ಸಿಗುತ್ತಂತೆ’ ಎಂಬ ಮಾತೂ ಸೇರಿಕೊಳ್ಳುತ್ತದೆ.

ತಪ್ಪು ಕಲ್ಪನೆ: ಇಂಗ್ಲಿಷ್ ಔಷಧದವರಿಗೆ ನಮ್ಮ ಗಿಡಮೂಲಿಕೆಯ ಗೊಡವೆಯೇ ಇಲ್ಲ.

ವಾಸ್ತವ: 1966ರಲ್ಲಿ ಅಮೆರಿಕದಲ್ಲಿ ಮನ್ರೋ ವಾಲ್ ಮತ್ತು ಮನಸುಖ್ ವಾನಿ ಚೀನಾ ಮೂಲದ ಮರವೊಂದರಿಂದ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಕ್ಯಾಂಪ್ಟೊಥೆಸಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ವಾನಿ ನಂದುರಬಾರ್‌ನಲ್ಲಿ ಹುಟ್ಟಿ ಮುಂಬಯಿಯಲ್ಲಿ ಓದಿದವರು. 1972ರಲ್ಲಿ ಅದೇ ವಸ್ತು ನಮ್ಮ ಪಶ್ಚಿಮ ಘಟ್ಟದ ಮರದಲ್ಲೂ ಇದೆಯೆಂದು ವರದಿ ಮಾಡಿದವರು ಗೋರೆಗಾಂವ್‌ನ ಸಿಬಾ ಸಂಶೋಧನಾ ಕೇಂದ್ರದ ಟಿ. ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್. ಆ ಮರ ಕನ್ನಡದಲ್ಲಿ ದುರ್ವಾಸನೆ ಮರ, ಮರಾಠಿಯಲ್ಲಿ ನರಕ್ಯಾ. ಎಲೆಗಿಂತ ಬೇರಿನಲ್ಲೇ ಈ ಅಂಶ ಹೆಚ್ಚು.

ತಪ್ಪು ಕಲ್ಪನೆ: ಹಾಗಾದರೆ ಬೇರಿನ ಕಷಾಯವೇ ಸಾಕು, ಗಿಡದ್ದು, ಅಪಾಯವಿಲ್ಲ.

ವಾಸ್ತವ: ಕ್ಯಾಂಪ್ಟೊಥೆಸಿನ್ ವಿಷ. ಜೀವಕೋಶ ಇಬ್ಭಾಗವಾಗುವ ಮುನ್ನ ಡಿಎನ್‌ಎಯ ಸುರುಳಿ ಬಿಚ್ಚುವ ಕಿಣ್ವವನ್ನು ಅದು ಹಿಡಿದು ನಿಲ್ಲಿಸುತ್ತದೆ. ಕ್ಯಾನ್ಸರ್ ಕೋಶವೂ ಸಾಯುತ್ತದೆ, ಕರುಳಿನ, ಅಸ್ಥಿಮಜ್ಜೆಯ ಒಳ್ಳೆಯ ಕೋಶವೂ ಸಾಯುತ್ತದೆ. 1970ರ ದಶಕದ ಆರಂಭದಲ್ಲಿ ರೋಗಿಗಳಿಗೆ ಕೊಟ್ಟು ನೋಡಿದಾಗ ಮೂತ್ರಕೋಶದಲ್ಲಿ ರಕ್ತಸ್ರಾವವಾಗಿ ಪ್ರಯೋಗವನ್ನೇ ಕೈಬಿಡಬೇಕಾಯಿತು. ಅದರ ರಚನೆಯನ್ನು ತಿದ್ದಿದ ಟೊಪೊಟೆಕಾನ್ ಮತ್ತು ಇರಿನೊಟೆಕಾನ್ ಔಷಧಗಳಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1996ರಲ್ಲಿ. ಮೂವತ್ತು ವರ್ಷ ಹಿಡಿದದ್ದು ಬೇರು ಹುಡುಕಲಿಕ್ಕಲ್ಲ, ಆ ವಿಷವನ್ನು ಪಳಗಿಸಿ ಅಳತೆ ಗೊತ್ತುಮಾಡಲಿಕ್ಕೆ. ಕಷಾಯದ ಲೋಟದಲ್ಲಿ ಎಷ್ಟು ಮಿಲಿಗ್ರಾಂ ಇದೆಯೆಂದು ಯಾರು ಹೇಳುತ್ತಾರೆ? ಒಂದೇ ಜಾತಿಯ ಎರಡು ಮರಗಳಲ್ಲೂ ಪ್ರಮಾಣ ಒಂದೇ ಇರುವುದಿಲ್ಲ.

ತಪ್ಪು ಕಲ್ಪನೆ: ಲ್ಯಾಬ್‌ನಲ್ಲಿ ಕ್ಯಾನ್ಸರ್ ಕೋಶ ಸತ್ತಿತಂತೆ, ಔಷಧ ಸಿಕ್ಕಿತು.

ವಾಸ್ತವ: ಗಾಜಿನ ತಟ್ಟೆಯ ಕೋಶವನ್ನು ಫಿನಾಯಿಲ್ ಕೂಡ ಕೊಲ್ಲುತ್ತದೆ. 1960ರಿಂದ 1982ರವರೆಗೆ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1 ಲಕ್ಷಕ್ಕೂ ಹೆಚ್ಚು ಸಸ್ಯಸಾರಗಳನ್ನು ಪರೀಕ್ಷಿಸಿತು. ಔಷಧದ ಹಂತ ಮುಟ್ಟಿದವು ಬೆರಳೆಣಿಕೆಯಷ್ಟು.

ತಪ್ಪು ಕಲ್ಪನೆ: ಒಂದಿಷ್ಟು ಬೇರು ಅಗೆದರೆ ಏನಾಗುತ್ತದೆ?

ವಾಸ್ತವ: ಎಲೆ ಕಿತ್ತರೆ ಚಿಗುರುತ್ತದೆ, ಬೇರು ಕಿತ್ತರೆ ಮರವೇ ಹೋಗುತ್ತದೆ. ಸಹ್ಯಾದ್ರಿಯ ನರಕ್ಯಾ ಕಳ್ಳಸಾಗಣೆಗೆ ಸಿಕ್ಕಿ ನಲುಗಿದೆ. ಯೇವೂರು ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಭಾಗ. ಅಲ್ಲಿ ಅಗೆಯುವುದು ಅಪರಾಧ.

ತಪ್ಪು ಕಲ್ಪನೆ: ಕೀಮೋ ಜೊತೆ ಮೂಲಿಕೆಯೂ ಇರಲಿ, ಡಾಕ್ಟರಿಗೇಕೆ ಹೇಳಬೇಕು?

ವಾಸ್ತವ: ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆ ಇರಿನೊಟೆಕಾನ್‌ನ ಸಕ್ರಿಯ ಅಂಶವನ್ನು ರಕ್ತದಲ್ಲಿ ತಗ್ಗಿಸುತ್ತದೆ ಎಂಬುದು ರೋಗಿಗಳಲ್ಲೇ ಕಂಡ ಸಂಗತಿ. ಖಾರ್ಘರ್‌ನ ಆ್ಯಕ್ಟ್ರೆಕ್ ಕ್ಯಾನ್ಸರ್ ಕೇಂದ್ರಕ್ಕೋ ಪರೇಲ್‌ನ ಟಾಟಾ ಆಸ್ಪತ್ರೆಗೋ ಹೋಗುವಾಗ, ಮನೆಯಲ್ಲಿ ಕೊಡುತ್ತಿರುವ ಬೇರು, ಪುಡಿ, ಕಷಾಯಗಳ ಹೆಸರನ್ನೂ ಚೀಟಿಯಲ್ಲಿ ಬರೆದು ಡಾಕ್ಟರಿಗೆ ಕೊಡಿ.