ಹೊಣೆ ಮತ್ತು ಮಾನ್ಯ: ಉದ್ಯಮಗಳಿಗೆ ಸರ್ಕಾರವು ನೀಡುವ ಸಾಲಸಹಾಯದ ಎರಡು ರೀತಿಗಳು

ಬೆಳೆಯುತ್ತಿರುವ ಉದ್ಯಮಕ್ಕೆ ಮೂಲಧನವು ದೊರೆಯುವುದು ಎಲ್ಲ ದೇಶಗಳಲ್ಲಿಯೂ ಪ್ರಯಾಸದ ಸಂಗತಿಯೇ ಆಗಿದೆ. ದೊಡ್ಡ ಕಾರ್ಖಾನೆಗೆ ಒತ್ತೆಯಿಡಲು ಆಸ್ತಿಯುಂಟು. ಸಣ್ಣ ಅಂಗಡಿಗೆ ಬೇಕಾದ ಹಣವು ಸ್ವಲ್ಪವೇ. ಇವೆರಡರ ನಡುವೆ ಇರುವ ಉದ್ಯಮಕ್ಕಾದರೋ ಯಂತ್ರವೂ ಕಟ್ಟಡವೂ ಬೇಕಾಗಿದ್ದು, ಅವುಗಳಿಗೆ ತಕ್ಕ ಒತ್ತೆಯು ಇರುವುದಿಲ್ಲ. ಇಂತಹ ಸ್ಥಿತಿಯಲ್ಲಿ ಸರ್ಕಾರವು ತಾನೇ ಸಾಲ ಕೊಡದೆ, ಇತರರು ಕೊಡುವ ಸಾಲವನ್ನು ಸುಲಭಗೊಳಿಸುವುದಕ್ಕೆ ಮುಖ್ಯವಾಗಿ ಎರಡು ಮಾರ್ಗಗಳಿವೆ. ಸಾಲಗಾರನು ತೀರಿಸದಿದ್ದರೆ ತಾನು ತೀರಿಸುವೆನೆಂದು ಮಾತು ಕೊಡುವುದು ಒಂದು. ಸಾಲ ಕೊಟ್ಟವನಿಗೆ ಬರುವ ಬಡ್ಡಿಯ ಮೇಲೆ ತೆರಿಗೆಯನ್ನು ಬಿಟ್ಟುಬಿಡುವುದು ಇನ್ನೊಂದು.

ಇವೆರಡಕ್ಕೂ ಕನ್ನಡದಲ್ಲಿ ಹಳೆಯ ಮಾತುಗಳುಂಟು. ಮೊದಲನೆಯದು ಹೊಣೆ, ಹಳಗನ್ನಡದಲ್ಲಿ ಇದು ಪೊಣೆ. ಎರಡನೆಯದಕ್ಕೆ ಸಮೀಪವಾದ ಪದ ಮಾನ್ಯ. ಶಾಸನಗಳಲ್ಲಿ ಬರುವ ಸರ್ವಮಾನ್ಯ, ಸರ್ವನಮಸ್ಯ, ಸರ್ವಬಾಧಾಪರಿಹಾರ ಎಂಬ ಮಾತುಗಳು ಸಾಹಿತ್ಯಾಭ್ಯಾಸಿಗಳಿಗೆ ಪರಿಚಿತವಾದುವೇ. ಆದರೆ ಗ್ರಾಮವೊಂದನ್ನು ಸರ್ವಮಾನ್ಯವಾಗಿ ಬಿಟ್ಟಾಗ, ಅರಸನಿಗೆ ಸಲ್ಲತಕ್ಕ ಆದಾಯವು ದಾನ ಪಡೆದವನಿಗೆ ಸಲ್ಲುತ್ತಿದ್ದಿತೇ ಹೊರತು, ಉಳುವವನ ಹೊರೆಯು ಅಷ್ಟರಿಂದಲೇ ಇಳಿಯಿತೆಂದು ಹೇಳುವಂತಿಲ್ಲ. ಮಾನ್ಯವು ಯಾರ ಹೆಸರಿನಲ್ಲಿದೆ, ಅದರ ಫಲವು ಯಾರಿಗೆ ಸೇರುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಬೇಕಾಗುತ್ತದೆ. ಈ ವಿವೇಚನೆಯು ಪ್ರಕೃತ ವಿಷಯಕ್ಕೂ ಅವಶ್ಯಕವಾದುದು. ಎರಡು ಮಾರ್ಗಗಳೂ ವಿಸ್ತಾರವಾಗಿ ಬೆಳೆದಿರುವುದು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ. ಆದುದರಿಂದ ಅಲ್ಲಿಯ ಪದ್ಧತಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳುವುದು ಯುಕ್ತ.

ಮೊದಲು ಹೊಣೆಯ ವಿಚಾರ. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ, ೧೯೩೨ರಲ್ಲಿ, ಅಲ್ಲಿಯ ಕೇಂದ್ರ ಸರ್ಕಾರವು ಪುನರ್ನಿರ್ಮಾಣ ಹಣಕಾಸು ಸಂಸ್ಥೆಯನ್ನು ಸ್ಥಾಪಿಸಿತು. ೧೯೩೪ರಿಂದ ಈ ಸಂಸ್ಥೆಗೆ ಉದ್ಯಮಗಳಿಗೂ ನೇರವಾಗಿ ಸಾಲ ಕೊಡುವ ಅಧಿಕಾರವು ದೊರೆಯಿತು. ೧೯೫೩ರಲ್ಲಿ ಅದನ್ನು ಮುಚ್ಚಲು ನಿಶ್ಚಯಿಸಿದಾಗ, ಸಣ್ಣ ಉದ್ಯಮಗಳ ಹಿತಕ್ಕಾಗಿ ಪ್ರತ್ಯೇಕವಾದ ಸಣ್ಣ ಉದ್ಯಮ ಆಡಳಿತ ಇಲಾಖೆಯು ಹುಟ್ಟಿತು. ಈ ಇಲಾಖೆಯ ಮುಖ್ಯ ಕಾರ್ಯಕ್ರಮವು ೭(ಎ) ವಿಧಿಯ ಸಾಲವೆಂದು ಪ್ರಸಿದ್ಧವಾಗಿದೆ. ಇದರಲ್ಲಿ ಹಣ ಕೊಡುವುದು ಬ್ಯಾಂಕು. ಸರ್ಕಾರವು ಅದರ ಒಂದು ಭಾಗಕ್ಕೆ ಮಾತ್ರ ಹೊಣೆ. ಸಾಮಾನ್ಯ ನಿಯಮದಂತೆ ಒಂದೂವರೆ ಲಕ್ಷ ಡಾಲರುಗಳವರೆಗಿನ ಸಾಲಕ್ಕೆ ನೂರಕ್ಕೆ ೮೫ರಷ್ಟು, ಅದಕ್ಕೆ ಮೇಲ್ಪಟ್ಟ ಸಾಲಕ್ಕೆ ನೂರಕ್ಕೆ ೭೫ರಷ್ಟು ಭಾಗಕ್ಕೆ ಈ ಹೊಣೆಯು ಅನ್ವಯಿಸುತ್ತದೆ. ಸಾಲದ ಗರಿಷ್ಠ ಮೊತ್ತವನ್ನು ೨೦೧೦ರ ಶಾಸನವು ೫೦ ಲಕ್ಷ ಡಾಲರುಗಳಿಗೆ ಏರಿಸಿತು.

ಪೂರ್ಣ ಮೊತ್ತಕ್ಕೆ ಹೊಣೆಯಾಗದೆ ಒಂದು ಭಾಗವನ್ನು ಬ್ಯಾಂಕಿನ ತಲೆಯ ಮೇಲೆಯೇ ಬಿಟ್ಟಿರುವುದಕ್ಕೆ ಕಾರಣವಿಲ್ಲದಿಲ್ಲ. ನಷ್ಟವೆಲ್ಲವೂ ಪರರದೆಂದು ತಿಳಿದ ಸಾಹುಕಾರನು ಸಾಲಗಾರನ ಯೋಗ್ಯತೆಯನ್ನು ಪರೀಕ್ಷಿಸುವ ಶ್ರಮವನ್ನು ವಹಿಸಲಾರನು. ತನ್ನ ಹಣವೂ ಸ್ವಲ್ಪ ಮುಳುಗಬಹುದೆಂಬ ಭಯವಿದ್ದರೆ ಮಾತ್ರ ಎಚ್ಚರಿಕೆಯು ಉಳಿಯುವುದು. ಇದೇ ಇಲಾಖೆಯ ೫೦೪ನೆಯ ವಿಧಿಯ ಸಾಲದಲ್ಲಿಯೂ ಈ ತತ್ತ್ವವೇ ಕಾಣುತ್ತದೆ. ಅಲ್ಲಿ ಕಟ್ಟಡ ಮತ್ತು ಯಂತ್ರಗಳಿಗೆ ತಗಲುವ ವೆಚ್ಚದಲ್ಲಿ ಸಾಮಾನ್ಯವಾಗಿ ನೂರಕ್ಕೆ ೫೦ನ್ನು ಬ್ಯಾಂಕೂ, ೪೦ನ್ನು ಮಾನ್ಯತೆ ಪಡೆದ ಅಭಿವೃದ್ಧಿ ಸಂಘವೂ, ೧೦ನ್ನು ಉದ್ಯಮಿಯೂ ಒದಗಿಸುವರು. ಸಂಘವು ತನ್ನ ಪಾಲನ್ನು ಸರ್ಕಾರದ ಹೊಣೆಯುಳ್ಳ ಸಾಲಪತ್ರಗಳನ್ನು ಮಾರಿ ಸಂಗ್ರಹಿಸುತ್ತದೆ. ಆಸ್ತಿಯ ಮೇಲೆ ಮೊದಲ ಹಕ್ಕು ಬ್ಯಾಂಕಿನದು; ಸಂಘದ ಹಕ್ಕು ಅದರ ನಂತರದ್ದು.

ಇನ್ನು ಮಾನ್ಯದ ವಿಚಾರ. ಅಮೆರಿಕದ ಸಂಸ್ಥಾನಗಳೂ ಪುರಸಭೆಗಳೂ ಹೊರಡಿಸುವ ಸಾಲಪತ್ರಗಳ ಬಡ್ಡಿಯ ಮೇಲೆ ಕೇಂದ್ರ ಸರ್ಕಾರವು ತೆರಿಗೆ ಹಾಕಕೂಡದೆಂದು ಅಲ್ಲಿಯ ಶ್ರೇಷ್ಠ ನ್ಯಾಯಾಲಯವು ೧೮೯೫ರಲ್ಲಿ ತೀರ್ಪಿತ್ತಿತು. ೧೯೧೩ರ ವರಮಾನ ತೆರಿಗೆಯ ಶಾಸನವೂ ಈ ಬಡ್ಡಿಯನ್ನು ತೆರಿಗೆಯಿಂದ ಹೊರಗಿಟ್ಟಿತು. ೧೯೮೮ರಲ್ಲಿ ಅದೇ ನ್ಯಾಯಾಲಯವು ತನ್ನ ಹಿಂದಿನ ಮತವನ್ನು ಕೈಬಿಟ್ಟು, ಈ ವಿನಾಯಿತಿಯು ರಾಜ್ಯಾಂಗದಿಂದ ಬಂದುದಲ್ಲವೆಂದು ನಿರ್ಣಯಿಸಿತು. ಅಂದಿನಿಂದ ಇದು ಶಾಸನಸಭೆಯ ಇಚ್ಛೆಯನ್ನು ಮಾತ್ರ ಅವಲಂಬಿಸಿ ನಿಂತಿದೆ.

ರಸ್ತೆ, ಶಾಲೆ, ನೀರಿನ ಕೊಳಾಯಿಗಳಿಗಾಗಿ ಇದ್ದ ಈ ಸೌಲಭ್ಯವು ಖಾಸಗಿ ಕಾರ್ಖಾನೆಗಳಿಗೆ ದೊರೆತುದು ಮಿಸಿಸಿಪ್ಪಿ ಸಂಸ್ಥಾನದ ೧೯೩೬ರ ಶಾಸನದಿಂದ. ಹತ್ತಿಯ ಬೆಳೆಯೊಂದನ್ನೇ ನಂಬಿದ್ದ ಆ ಬಡ ಸಂಸ್ಥಾನದಲ್ಲಿ ಗವರ್ನರ್ ಹ್ಯೂ ವೈಟ್ ಎಂಬಾತನು ವ್ಯವಸಾಯಕ್ಕೆ ಸಮತೂಕವಾಗಿ ಕೈಗಾರಿಕೆಯನ್ನು ಬೆಳೆಸಬೇಕೆಂದು ಹೊರಟನು. ಪುರಸಭೆಯು ಮತದಾರರ ಒಪ್ಪಿಗೆಯಿಂದ ಸಾಲವೆತ್ತಿ ಕಾರ್ಖಾನೆಯನ್ನು ಕಟ್ಟಿ, ಅದನ್ನು ಉದ್ಯಮಿಗೆ ಗೇಣಿಗೆ ಕೊಡುವುದು ಆ ಯೋಜನೆಯ ರೀತಿ. ಡ್ಯುರಾಂಟ್ ಎಂಬ ಚಿಕ್ಕ ಊರು ಕಾಲುಚೀಲ ನೇಯುವ ಕಾರ್ಖಾನೆಗಾಗಿ ೮೫ ಸಾವಿರ ಡಾಲರುಗಳ ಸಾಲಪತ್ರಗಳನ್ನು ಹೊರಡಿಸಿತು. ಖಾಸಗಿ ಲಾಭಕ್ಕಾಗಿ ಸಾರ್ವಜನಿಕ ಸಾಲವನ್ನೆತ್ತಬಹುದೇ ಎಂಬ ವ್ಯಾಜ್ಯವು ೧೯೩೮ರಲ್ಲಿ ಸಂಸ್ಥಾನದ ಉಚ್ಚ ನ್ಯಾಯಾಲಯದ ಮುಂದೆ ಬಂದಾಗ, ನಿರುದ್ಯೋಗದ ಪರಿಹಾರವೂ ಸಾರ್ವಜನಿಕ ಕಾರ್ಯವೇ ಎಂಬ ಪಕ್ಷವು ಗೆದ್ದಿತು. ಈ ಮೊದಲಿನ ಸಾಲಗಳಿಗೆ ಊರಿನ ತೆರಿಗೆಯೇ ಆಧಾರವಾಗಿದ್ದಿತು. ಮುಂದೆ ಪ್ರಚಾರಕ್ಕೆ ಬಂದ ಬಗೆಯ ಪತ್ರಗಳಲ್ಲಿ ಊರಿನದು ಹೆಸರು ಮಾತ್ರ. ಸಾಲವನ್ನು ತೀರಿಸತಕ್ಕವನು ಉದ್ಯಮಿ.

ಇದರಿಂದ ಯಾರಿಗೆ ಎಷ್ಟು ಲಾಭವೆಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ವಿಶದಪಡಿಸಬಹುದು. ನೂರು ಡಾಲರಿಗೆ ಪೇಟೆಯ ಬಡ್ಡಿಯು ೫ ಎಂದಿಟ್ಟುಕೊಳ್ಳೋಣ. ವರಮಾನದಲ್ಲಿ ನೂರಕ್ಕೆ ೪೦ರಂತೆ ತೆರಿಗೆ ಕೊಡುವ ಧನಿಕನಿಗೆ ಅದರಲ್ಲಿ ಉಳಿಯುವುದು ೩. ತೆರಿಗೆಯಿಲ್ಲದ ಪತ್ರವು ೩ರ ಬಡ್ಡಿ ಕೊಟ್ಟರೂ ಆತನಿಗೆ ಸಮವೇ. ಆದರೆ ಪತ್ರಗಳೆಲ್ಲವೂ ಮಾರಾಟವಾಗಬೇಕಾದರೆ ನೂರಕ್ಕೆ ೩೦ರಂತೆ ತೆರಿಗೆ ಕೊಡುವವರನ್ನೂ ಆಕರ್ಷಿಸಬೇಕು; ಅವರಿಗೆ ಮೂರೂವರೆಗಿಂತ ಕಡಿಮೆಯಾದರೆ ನಷ್ಟ. ಹೀಗೆ ಬಡ್ಡಿಯು ಮೂರೂವರೆಯಲ್ಲಿ ನಿಲ್ಲುತ್ತದೆ. ಆಗ ಕಾರ್ಖಾನೆಗೆ ಉಳಿತಾಯ ಒಂದೂವರೆ. ಮೇಲಿನ ಧನಿಕನಿಗೆ ಅನಾಯಾಸವಾಗಿ ದೊರೆತುದು ಅರ್ಧ. ಆತನ ಪತ್ರದಿಂದ ಬೊಕ್ಕಸಕ್ಕೆ ತಪ್ಪಿದುದು ೨. ಕಾರ್ಖಾನೆಯ ಹೆಸರಿನಲ್ಲಿ ಬಿಟ್ಟ ತೆರಿಗೆಯಲ್ಲಿ ಕಾಲು ಭಾಗವು ಸಾಲ ಕೊಟ್ಟವನಲ್ಲಿಯೇ ನಿಂತಿತು. ಹೊಣೆಯಿಂದಾದ ನಷ್ಟವು ಸರ್ಕಾರದ ಆಯವ್ಯಯದಲ್ಲಿ ಎಂದಾದರೊಮ್ಮೆ ಖರ್ಚಾಗಿ ಬರೆಯಲ್ಪಡುತ್ತದೆ. ಬಾರದೆ ಹೋದ ತೆರಿಗೆಯಾದರೋ ಖರ್ಚಿನ ಪಟ್ಟಿಯನ್ನು ಸೇರುವುದಿಲ್ಲ.

ಈ ಕಾರಣದಿಂದಲೇ ಮಾನ್ಯಕ್ಕೆ ಕ್ರಮೇಣ ಎಲ್ಲೆಗಳು ಬಂದುವು. ೧೯೬೦ರ ದಶಕದಲ್ಲಿ ಬಹುಪಾಲು ಸಂಸ್ಥಾನಗಳು ಮಿಸಿಸಿಪ್ಪಿಯ ದಾರಿಯನ್ನು ಹಿಡಿದು, ಬಡ ಊರಿನ ಉಪಾಯವು ದೊಡ್ಡ ಕಂಪೆನಿಗಳ ಅನುಕೂಲವಾಯಿತು. ೧೯೬೮ರ ಶಾಸನವು ಈ ಪತ್ರಗಳಿಗೆ ಮೊತ್ತದ ಮಿತಿಯನ್ನು ವಿಧಿಸಿತು. ೧೯೭೮ರಲ್ಲಿ ಆ ಮಿತಿಯು ಒಂದು ಕೋಟಿ ಡಾಲರುಗಳಿಗೆ ಏರಿತು. ೧೯೮೬ರ ಶಾಸನವು ಪ್ರತಿ ಸಂಸ್ಥಾನಕ್ಕೂ ವಾರ್ಷಿಕ ಪರಿಮಾಣವನ್ನು ಗೊತ್ತುಮಾಡಿ, ಉದ್ಯಮಗಳಲ್ಲಿ ಈ ಸೌಲಭ್ಯವನ್ನು ಮುಖ್ಯವಾಗಿ ಸರಕು ತಯಾರಿಸುವ ಕಾರ್ಖಾನೆಗಳಿಗೆ ಉಳಿಸಿತು.

ಇವೆಲ್ಲಕ್ಕಿಂತಲೂ ಗಮನಾರ್ಹವಾದುದು ೧೯೮೪ರ ನಿಯಮ. ಕೇಂದ್ರ ಸರ್ಕಾರದ ಹೊಣೆಯುಳ್ಳ ಸಾಲಪತ್ರಕ್ಕೆ, ಕೆಲವು ಅಪವಾದಗಳನ್ನು ಬಿಟ್ಟರೆ, ತೆರಿಗೆಯ ವಿನಾಯಿತಿಯು ಸಲ್ಲದೆಂದು ಅದು ವಿಧಿಸಿತು. ಹೊಣೆ ಮಾನ್ಯಗಳೆರಡೂ ಒಂದೇ ಪತ್ರದಲ್ಲಿ ಸೇರಿದರೆ ಅದು ಸರ್ಕಾರದ ಸ್ವಂತ ಸಾಲಪತ್ರಕ್ಕಿಂತ ಮೇಲಾಗುವುದು; ಏಕೆಂದರೆ ಸರ್ಕಾರದ ಪತ್ರಕ್ಕೆ ಭದ್ರತೆಯುಂಟು, ಆದರೆ ಅದರ ಬಡ್ಡಿಗೆ ಕೇಂದ್ರದ ತೆರಿಗೆಯೂ ಉಂಟು. ತನಗಿಂತ ಸುಲಭವಾದ ಬಡ್ಡಿಗೆ ಪರರು ಸಾಲ ಪಡೆಯುವಂತೆ ಮಾಡಿ, ತನ್ನ ಪೇಟೆಯನ್ನು ತಾನೇ ಕೆಡಿಸಿಕೊಳ್ಳುವುದು ಯಾವ ಸರ್ಕಾರಕ್ಕೂ ವಿವೇಕವಲ್ಲ.

ಭಾರತದಲ್ಲಿ ಸಣ್ಣ ಉದ್ಯಮಗಳ ಸಾಲಕ್ಕೆ ಹೊಣೆಯ ಮಾರ್ಗವೇ ಪ್ರಧಾನವಾಯಿತು. ೧೯೫೧ರ ರಾಜ್ಯ ಹಣಕಾಸು ಸಂಸ್ಥೆಗಳ ಶಾಸನದಂತೆ ಇಂತಹ ಸಂಸ್ಥೆಯು ಹೊರಡಿಸುವ ಸಾಲಪತ್ರಗಳಿಗೆ ರಾಜ್ಯ ಸರ್ಕಾರವು ಹೊಣೆಯಾಗುತ್ತದೆ. ಕರ್ನಾಟಕ ರಾಜ್ಯದ ಹಣಕಾಸು ಸಂಸ್ಥೆಯು ೧೯೫೯ರಲ್ಲಿ ಈ ಶಾಸನದ ಮೇರೆಗೆ ಸ್ಥಾಪಿತವಾದುದು. ಇಲ್ಲಿ ಹೊಣೆಯು ಸಾಲ ಕೊಡುವ ಸಂಸ್ಥೆಗೆ. ೨೦೦೦ದಲ್ಲಿ ಕೇಂದ್ರ ಸರ್ಕಾರವೂ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ಬ್ಯಾಂಕೂ ಕೂಡಿ ನಿರ್ಮಿಸಿದ ನಿಧಿಯಲ್ಲಾದರೋ, ಒತ್ತೆಯಿಲ್ಲದೆ ಕೊಟ್ಟ ಬಿಡಿ ಸಾಲಗಳಿಗೇ ಹೊಣೆ.

ಒಟ್ಟಿನಲ್ಲಿ, ಹೊಣೆಯೂ ಮಾನ್ಯವೂ ವೆಚ್ಚವಿಲ್ಲದ ಸಹಾಯಗಳಲ್ಲ. ಹೊಣೆಯ ವೆಚ್ಚವು ತಡವಾಗಿ ಬರುತ್ತದೆ. ಮಾನ್ಯದ ವೆಚ್ಚವು ಕಾಣದಂತೆ ಸೋರುತ್ತದೆ. ಎರಡರಲ್ಲಿಯೂ ಸಹಾಯವು ಸಾಹುಕಾರನ ಕೈಯನ್ನು ದಾಟಿಯೇ ಉದ್ಯಮಿಯನ್ನು ಮುಟ್ಟಬೇಕು. ಶಾಸನದಲ್ಲಿ ಯಾರ ಹೆಸರು ಬರೆದಿದೆಯೆಂಬುದರ ಜೊತೆಗೆ, ಬಿಟ್ಟ ಹಣದಲ್ಲಿ ಎಷ್ಟು ಆ ಹೆಸರಿನವನ ಮನೆಗೆ ಹೋಯಿತೆಂಬುದನ್ನು ಲೆಕ್ಕ ಹಾಕಿದ ಮೇಲೆಯೇ ಇಂತಹ ಸಹಾಯದ ಗುಣದೋಷಗಳನ್ನು ನಿರ್ಣಯಿಸುವುದು ಸಾಧ್ಯ.