ಆರು ಸೆಕೆಂಡಿನ ಮಿಂಚು

1997ರ ಡಿಸೆಂಬರ್ 16, ಮಂಗಳವಾರ. ಜಪಾನಿನಲ್ಲಿ ಸಂಜೆ ಆರೂವರೆ. ‘ಟಿವಿ ಟೋಕಿಯೊ’ ವಾಹಿನಿಯಲ್ಲಿ ಮಕ್ಕಳ ಅಚ್ಚುಮೆಚ್ಚಿನ ಕಾರ್ಟೂನ್ ಧಾರಾವಾಹಿ ‘ಪೊಕೆಮಾನ್’ನ 38ನೆಯ ಕಂತು ಶುರುವಾಯಿತು. ಲಕ್ಷಾಂತರ ಮನೆಗಳಲ್ಲಿ ಮಕ್ಕಳು ಕಣ್ಣು ಮಿಟುಕಿಸದೆ ಕುಳಿತಿದ್ದರು. ಗಂಟೆ 6.51 ಆಗುತ್ತಿದ್ದಂತೆ ತೆರೆಯ ಮೇಲೆ ಕೆಂಪು–ನೀಲಿ ಬಣ್ಣಗಳು ಪಟಪಟನೆ ಮಿನುಗಿದವು. ಮಿನುಗಿದ್ದು ಆರೇ ಸೆಕೆಂಡು. ಅಷ್ಟರಲ್ಲಿ ಕೆಲವು ಮಕ್ಕಳಿಗೆ ಕಣ್ಣು ಕತ್ತಲಿಟ್ಟಿತು, ತಲೆ ಸುತ್ತಿತು, ವಾಕರಿಕೆ ಬಂತು. ಕೆಲವರಿಗೆ ಕೈಕಾಲು ಸೆಟೆದು ಪ್ರಜ್ಞೆಯೇ ತಪ್ಪಿತು.

ಆ ರಾತ್ರಿ ಜಪಾನಿನ ಉದ್ದಗಲಕ್ಕೂ ಆಂಬುಲೆನ್ಸ್‌ಗಳು ಓಡಾಡಿದವು. ಆಸ್ಪತ್ರೆ ಸೇರಿದವರ ಲೆಕ್ಕ 685. ಅವರಲ್ಲಿ ಗಂಡುಮಕ್ಕಳು 310, ಹೆಣ್ಣುಮಕ್ಕಳು 375. ಬಹಳಷ್ಟು ಮಕ್ಕಳು ದಾರಿಯಲ್ಲೇ ಚೇತರಿಸಿಕೊಂಡರು. ಸುಮಾರು ನೂರೈವತ್ತು ಮಂದಿಯನ್ನು ಒಳರೋಗಿಗಳಾಗಿ ದಾಖಲಿಸಬೇಕಾಯಿತು. ಯಾರೂ ಸಾಯಲಿಲ್ಲ ಎಂಬುದೊಂದೇ ಸಮಾಧಾನ. ಆದರೆ ಅಂದು ರಾತ್ರಿಯ ವಾರ್ತೆಗಳಲ್ಲಿ ‘ಮಕ್ಕಳಿಗೆ ತೊಂದರೆ ಕೊಟ್ಟ ದೃಶ್ಯ ಇದೇ’ ಎಂದು ಅದೇ ತುಣುಕನ್ನು ಮತ್ತೆ ತೋರಿಸಿದಾಗ ಇನ್ನಷ್ಟು ಮಂದಿ ಅಸ್ವಸ್ಥರಾದರು!

ಕಾರ್ಟೂನ್ ಎಂದರೆ ನಗು, ಕುಣಿತ. ಅದರಲ್ಲಿ ಇಂಥ ಕೇಡು ಹೇಗೆ ಹೊಕ್ಕಿತು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಚಿತ್ರಕಾರನ ಮೇಜಿನಿಂದ ಹೊರಟು ಮನುಷ್ಯನ ಮಿದುಳಿನವರೆಗೆ ಪಯಣ ಮಾಡಬೇಕಾಗುತ್ತದೆ.

ಚಿತ್ರ ಓಡುವ ಬಗೆ

ಕಾರ್ಟೂನಿನಲ್ಲಿ ನಿಜವಾಗಿ ಯಾವುದೂ ಓಡುವುದಿಲ್ಲ. ಸ್ವಲ್ಪ ಸ್ವಲ್ಪವೇ ಬದಲಾದ ಚಿತ್ರಗಳು ಒಂದರ ಹಿಂದೊಂದು ಬೇಗಬೇಗ ಕಣ್ಣಿಗೆ ಬಿದ್ದಾಗ ಮಿದುಳು ಅವನ್ನು ಹೆಣೆದು ಚಲನೆಯೆಂದು ತಿಳಿಯುತ್ತದೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು. ಈ ಲೆಕ್ಕದಲ್ಲಿ ಇಪ್ಪತ್ತು ನಿಮಿಷದ ಕಂತಿಗೆ 28,800 ಚೌಕಟ್ಟುಗಳಾದವು. ಪ್ರತಿಯೊಂದಕ್ಕೂ ಹೊಸ ಚಿತ್ರ ಬರೆಯುತ್ತ ಕುಳಿತರೆ ವಾರಕ್ಕೊಂದು ಕಂತು ಕೊಡುವುದು ಯಾರಿಂದ ಸಾಧ್ಯ?

ಜಪಾನೀಯರು ಇದಕ್ಕೆ ಮಿತವ್ಯಯದ ದಾರಿ ಕಂಡುಕೊಂಡಿದ್ದರು. 1963ರಲ್ಲಿ ಒಸಾಮು ತೆಜುಕಾ ಅವರ ‘ಆಸ್ಟ್ರೊ ಬಾಯ್’ ಧಾರಾವಾಹಿ ಟಿವಿಗೆ ಬಂದಾಗಿನಿಂದ ಈ ದಾರಿ ರೂಢಿಯಾಯಿತು. ಒಂದೇ ಚಿತ್ರವನ್ನು ಎರಡು ಮೂರು ಚೌಕಟ್ಟುಗಳಿಗೆ ಬಳಸುವುದು, ಮುಖವನ್ನು ಹಾಗೆಯೇ ಬಿಟ್ಟು ತುಟಿಯನ್ನಷ್ಟೇ ಆಡಿಸುವುದು, ಓಡುವವನನ್ನು ನಿಲ್ಲಿಸಿ ಹಿಂದಿನ ಗುಡ್ಡಬೆಟ್ಟಗಳನ್ನು ಸರಿಸುವುದು—ಹೀಗೆ. ಸಿಡಿಲು, ಸ್ಫೋಟ ಬಂದಾಗ ಇನ್ನೂ ಸುಲಭ. ಎರಡು ಬಣ್ಣಗಳನ್ನು ತೆರೆತುಂಬ ಅದಲುಬದಲು ಮಾಡಿದರೆ ಸಾಕು, ನೋಡುವವರ ಎದೆ ಝಲ್ಲೆನ್ನುತ್ತದೆ. ಈ ತಂತ್ರಕ್ಕೆ ಜಪಾನಿ ಭಾಷೆಯಲ್ಲಿ ‘ಪಕಪಕ’ ಎಂದೇ ಹೆಸರು. ನಮ್ಮ ‘ಮಿಣಮಿಣ’, ‘ಥಳಥಳ’ಗಳಂತೆ ಅದೂ ಅನುಕರಣ ಶಬ್ದ.

38ನೆಯ ಕಂತಿನ ಕಥೆ ನಡೆಯುವುದು ಕಂಪ್ಯೂಟರಿನ ಒಳಗಡೆ. ಕಥಾನಾಯಕ ಸತೋಶಿ ಮತ್ತು ಅವನ ಗೆಳೆಯರು ಪೊರಿಗಾನ್ ಎಂಬ ಪ್ರಾಣಿಯ ನೆರವಿನಿಂದ ಯಂತ್ರದೊಳಗೆ ಇಳಿದು ಕಳ್ಳರನ್ನು ಹಿಡಿಯಲು ಹೋಗುತ್ತಾರೆ. ಹೊರಗಿದ್ದವರು ಒಳಗಿರುವುದು ವೈರಸ್ ಎಂದು ತಿಳಿದು ಅದನ್ನು ಕೊಲ್ಲುವ ಪ್ರೋಗ್ರಾಂ ಬಿಡುತ್ತಾರೆ. ಅದು ಕ್ಷಿಪಣಿಗಳ ರೂಪದಲ್ಲಿ ನುಗ್ಗಿ ಬರುತ್ತದೆ. ಆಗ ಹಳದಿ ಬಣ್ಣದ ಪಿಕಾಚು ತನ್ನ ಮಿಂಚಿನಿಂದ ಕ್ಷಿಪಣಿಗಳನ್ನು ಒಡೆಯುತ್ತದೆ. ‘ಪಕಪಕ’ ಬಂದದ್ದು ಅಲ್ಲೇ. ಕೆಂಪು–ನೀಲಿಗಳು ಸೆಕೆಂಡಿಗೆ ಸುಮಾರು 12 ಸಲ ಅದಲುಬದಲಾದವು. ನಾಲ್ಕು ಸೆಕೆಂಡು ತೆರೆಯ ಬಹುಭಾಗದಲ್ಲಿ, ಕೊನೆಯ ಎರಡು ಸೆಕೆಂಡು ತೆರೆತುಂಬ. ತಂತ್ರ ಹಳೆಯದೇ. ಆದರೆ ಇಷ್ಟು ದಟ್ಟ ಬಣ್ಣ, ಇಷ್ಟು ವೇಗ, ಇಷ್ಟು ದೊಡ್ಡ ಹರವು ಮೂರೂ ಒಟ್ಟಿಗೆ ಕೂಡಿದ್ದು ಅನಾಹುತಕ್ಕೆ ಕಾರಣವಾಯಿತು.

ಮಿದುಳಿನ ತಾಳ

ಮಿದುಳಿನ ಕೋಟ್ಯಂತರ ನರಕೋಶಗಳು ತೀರ ಸಣ್ಣ ವಿದ್ಯುತ್ ಸಂಕೇತಗಳ ಮೂಲಕ ಮಾತಾಡಿಕೊಳ್ಳುತ್ತವೆ. ಅಂಕೋಲೆಯ ಬಂಡಿಹಬ್ಬದ ಜಂಗುಳಿಯನ್ನು ನೆನೆಯಿರಿ. ಸಾವಿರಾರು ಜನ ತಮ್ಮ ತಮ್ಮ ಮಾತಿನಲ್ಲಿರುವಾಗ ಕೇಳುವುದು ಗಲಗಲ ಮಾತ್ರ. ಅಷ್ಟೂ ಜನ ಒಂದೇ ಗುಮಟೆಯ ಪೆಟ್ಟಿಗೆ ಒಟ್ಟಿಗೆ ಕಾಲು ಅಪ್ಪಳಿಸಿದರೆ? ನೆಲವೇ ಅದುರುತ್ತದೆ. ನರಕೋಶಗಳ ದೊಡ್ಡ ಗುಂಪೊಂದು ಹೀಗೆ ಒಂದೇ ತಾಳಕ್ಕೆ ಒಟ್ಟಾಗಿ ಸಂಕೇತ ಹೊಡೆಯತೊಡಗಿದರೆ ಅದೇ ಫಿಟ್ಸ್. ಪದೇ ಪದೇ ಹಾಗಾಗುವ ಸ್ವಭಾವಕ್ಕೆ ಮೂರ್ಛೆರೋಗ ಅಥವಾ ಅಪಸ್ಮಾರ ಎನ್ನುತ್ತಾರೆ.

ಹೆಚ್ಚಿನವರ ಮಿದುಳು ಹೊರಗಿನ ತಾಳಕ್ಕೆ ಸೋಲುವುದಿಲ್ಲ. ಸುಮಾರು ನಾಲ್ಕು ಸಾವಿರ ಜನರಲ್ಲಿ ಒಬ್ಬರ ಮಿದುಳು ಮಾತ್ರ ಮಿನುಗುವ ಬೆಳಕಿಗೆ ಹೀಗೆ ಸೋಲುತ್ತದೆ. ಇದಕ್ಕೆ ‘ಬೆಳಕಿನ ಮೂರ್ಛೆ’ ಎನ್ನಬಹುದು. ಏಳರಿಂದ ಹತ್ತೊಂಬತ್ತರ ವಯಸ್ಸಿನಲ್ಲಿ ಇದು ಹೆಚ್ಚು. ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಲ್ಲಿ ತುಸು ಹೆಚ್ಚು. ಸೆಕೆಂಡಿಗೆ 15ರಿಂದ 20 ಸಲ ಮಿನುಗುವ ಬೆಳಕು ಅತಿ ಅಪಾಯದ್ದು. 12 ಅದರ ನೆರೆಯಲ್ಲೇ ಇದೆ. ಕೆಂಪು ಬಣ್ಣ ಇನ್ನಷ್ಟು ಕೆಟ್ಟದ್ದು. ಕಣ್ಣಿನ ಅಕ್ಷಿಪಟಲದಲ್ಲಿ ಬಣ್ಣ ಗ್ರಹಿಸುವ ಶಂಕುಕೋಶಗಳು ಮೂರು ಬಗೆ. ಬಿಳಿ ಬೆಳಕು ಮೂರನ್ನೂ ತಟ್ಟುವುದರಿಂದ ಅವುಗಳ ಸಂಕೇತಗಳು ಒಂದನ್ನೊಂದು ತಕ್ಕಮಟ್ಟಿಗೆ ಹತೋಟಿಯಲ್ಲಿಡುತ್ತವೆ. ದಟ್ಟ ಕೆಂಪು ಬೆಳಕು ಮುಖ್ಯವಾಗಿ ಒಂದೇ ಬಗೆಯನ್ನು ಕೆರಳಿಸುವುದರಿಂದ ಆ ಹತೋಟಿ ತಪ್ಪುತ್ತದೆ ಎಂದು ತಜ್ಞರು ವಿವರಿಸುತ್ತಾರೆ.

ಇಂಥ ಮಿನುಗು ಟಿವಿಯಲ್ಲಷ್ಟೇ ಇರುವುದಲ್ಲ. ಇಳಿಹೊತ್ತಿನಲ್ಲಿ ಬಸ್ಸು ತೆಂಗಿನ ಅಥವಾ ಗಾಳಿಮರದ ಸಾಲಿನ ಪಕ್ಕ ಓಡುವಾಗ ಕಿಟಕಿಯಲ್ಲಿ ಬಿಸಿಲು–ನೆರಳು ಮಿನುಗುವುದನ್ನು ಕರಾವಳಿಯ ಮಕ್ಕಳು ಕಂಡೇ ಇರುತ್ತಾರೆ. ಸೂಕ್ಷ್ಮ ಮಿದುಳಿನವರಿಗೆ ಅದೂ ತೊಂದರೆ ಕೊಟ್ಟೀತು.

ನಮ್ಮ ನಾಡಿನದೇ ಇನ್ನೊಂದು ಬಗೆ

ಹೊರಗಿನ ಪ್ರಚೋದನೆಯಿಂದ ಬರುವ ಮೂರ್ಛೆಯಲ್ಲಿ ಕರ್ನಾಟಕದ ಹೆಸರು ಜಗತ್ತಿನ ವೈದ್ಯಕೀಯ ಗ್ರಂಥಗಳಲ್ಲೇ ಇದೆ. ತಲೆಯ ಮೇಲೆ ಬಿಸಿನೀರನ್ನು ಚೊಂಬಿನಿಂದ ಮೇಲಿಂದ ಮೇಲೆ ಸುರಿದುಕೊಂಡು ಸ್ನಾನ ಮಾಡುವಾಗ ಕೆಲವರಿಗೆ ಫಿಟ್ಸ್ ಬರುತ್ತದೆ. ಬೇರೆ ದೇಶಗಳಲ್ಲಿ ತೀರ ಅಪರೂಪವಾದ ಈ ‘ಬಿಸಿನೀರಿನ ಮೂರ್ಛೆ’ ನಮ್ಮ ದಕ್ಷಿಣದ ಜಿಲ್ಲೆಗಳಲ್ಲಿ ಅಷ್ಟು ಅಪರೂಪವಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು ಇಂಥ 279 ರೋಗಿಗಳನ್ನು ಅಭ್ಯಸಿಸಿ 1988ರಲ್ಲಿ ಪ್ರಬಂಧ ಪ್ರಕಟಿಸಿದರು. ನೀರಿನ ಬಿಸಿ ಕಡಿಮೆ ಮಾಡಿದರೆ ಅನೇಕರಲ್ಲಿ ಇದು ಹತೋಟಿಗೆ ಬರುತ್ತದೆ. ಜಪಾನಿನ ಕೆಂಪು–ನೀಲಿ ಬೆಳಕೂ ನಮ್ಮ ಬಚ್ಚಲಿನ ಬಿಸಿನೀರೂ ಒಂದೇ ಮಾತು ಹೇಳುತ್ತವೆ: ಇದು ದೆವ್ವದ ಚೇಷ್ಟೆಯಲ್ಲ, ಯಾರ ಶಾಪವೂ ಅಲ್ಲ, ಕಾರಣ ತಿಳಿದರೆ ತಪ್ಪಿಸಬಹುದಾದ ದೇಹಧರ್ಮ.

ಅಂಕೋಲಾ ತಾಲ್ಲೂಕಿನ ಬೆಳಂಬಾರವೆಂದರೆ ಪಾರ್ಶ್ವವಾಯುವಿನ ನಾಟಿ ಔಷಧಿಗೆ ದೂರದೂರದಿಂದ ಜನ ಹುಡುಕಿಕೊಂಡು ಬರುವ ಊರು. ಲಕ್ವ ಮತ್ತು ಮೂರ್ಛೆ ಎರಡನ್ನೂ ‘ನರದ ಕಾಯಿಲೆ’ ಎಂದು ಒಟ್ಟು ಸೇರಿಸಿ ಹೇಳುವ ರೂಢಿ ಎಲ್ಲೆಡೆಯೂ ಇದೆ. ಲಕ್ವ ಸಾಮಾನ್ಯವಾಗಿ ಮಿದುಳಿನ ರಕ್ತಸಂಚಾರ ಕೆಟ್ಟು ಬರುವಂಥದು. ಮೂರ್ಛೆ ವಿದ್ಯುತ್ ಸಂಕೇತಗಳ ಏರುಪೇರು. ಎರಡರ ಚಿಕಿತ್ಸೆಯೂ ಬೇರೆ. ಮಗುವಿಗೆ ಫಿಟ್ಸ್ ಬಂದರೆ ಮೊದಲು ತೋರಿಸಬೇಕಾದದ್ದು ಆಸ್ಪತ್ರೆಯ ವೈದ್ಯರಿಗೆ. ಮೂರ್ಛೆರೋಗಿಗಳಲ್ಲಿ ನೂರಕ್ಕೆ ಸುಮಾರು 70 ಮಂದಿ ಸರಿಯಾದ ಮಾತ್ರೆಗಳಿಂದ ಫಿಟ್ಸ್ ಇಲ್ಲದೆ ಬದುಕಬಲ್ಲರು.

ಆ ಕಂತಿನ ಗತಿ

ಘಟನೆಯ ಮರುದಿನವೇ ಟಿವಿ ಟೋಕಿಯೊ ಕ್ಷಮೆ ಕೇಳಿತು. ಧಾರಾವಾಹಿಯನ್ನು ನಿಲ್ಲಿಸಲಾಯಿತು. ಆಟದ ಮೂಲ ಕಂಪನಿ ನಿಂಟೆಂಡೊದ ಷೇರು ಬೆಲೆ ಕುಸಿಯಿತು. ನಾಲ್ಕು ತಿಂಗಳ ಬಳಿಕ, 1998ರ ಏಪ್ರಿಲ್ 16ರಂದು ‘ಪೊಕೆಮಾನ್’ ಮತ್ತೆ ಬಂತು. 38ನೆಯ ಕಂತು ಮಾತ್ರ ಮತ್ತೆಂದೂ ಪ್ರಸಾರವಾಗಲಿಲ್ಲ. ಜಪಾನಿನ ಹೊರಗೆ ಯಾವ ದೇಶದ ಟಿವಿಯಲ್ಲೂ ಅದು ಬರಲೇ ಇಲ್ಲ. ಮಿಂಚು ಹೊಡೆದದ್ದು ಪಿಕಾಚು; ಆದರೆ ಕಂತಿನ ಹೆಸರಿನಲ್ಲಿದ್ದ ತಪ್ಪಿಗೆ ಪೊರಿಗಾನ್ ಅಂದಿನಿಂದ ಆ ಧಾರಾವಾಹಿಯಲ್ಲಿ ಮುಖ್ಯ ಪಾತ್ರ ಕಾಣಲಿಲ್ಲ!

ಇದರ ಇನ್ನೊಂದು ಮುಖವೂ ಇದೆ. ಸುದ್ದಿ ಹರಡಿದ ಮೇಲೆ ಸಾವಿರಾರು ಮಕ್ಕಳು ‘ನಮಗೂ ತಲೆನೋವು, ನಮಗೂ ವಾಕರಿಕೆ’ ಎಂದರು. ಇವರಲ್ಲಿ ಬಹುಪಾಲು ಭಯದಿಂದ ಹಬ್ಬಿದ ಸಮೂಹ ಸನ್ನಿ ಎಂದು 2001ರಲ್ಲಿ ಇಬ್ಬರು ಸಂಶೋಧಕರು ವಾದಿಸಿದರು. ನಿಜವಾದ ಫಿಟ್ಸ್ ಬಂದವರೂ ಇದ್ದರು, ಗಾಬರಿಯಿಂದ ಬಳಲಿದವರೂ ಇದ್ದರು. ಎರಡನ್ನೂ ಬೇರ್ಪಡಿಸಿ ನೋಡುವುದೇ ವಿಜ್ಞಾನದ ಕೆಲಸ.

ಇಂಥದಕ್ಕೆ ಮುನ್ಸೂಚನೆ ಇರಲಿಲ್ಲವೆ? ಇತ್ತು. 1993ರಲ್ಲಿ ಬ್ರಿಟನ್ನಿನಲ್ಲಿ ನೂಡಲ್ಸ್ ಜಾಹೀರಾತೊಂದರಿಂದ ಮೂವರಿಗೆ ಫಿಟ್ಸ್ ಬಂದಿತ್ತು. ಅಲ್ಲಿ ಕೂಡಲೇ ಪ್ರಸಾರಕ್ಕೆ ನಿಯಮ ಮಾಡಿದರು. ಆಸ್ಟನ್ ವಿಶ್ವವಿದ್ಯಾಲಯದ ಪ್ರೊ. ಗ್ರಹಾಂ ಹಾರ್ಡಿಂಗ್ ಈ ವಿಷಯದಲ್ಲಿ ದುಡಿದವರು. ದೃಶ್ಯದ ಮಿನುಗನ್ನು ಅಳೆಯುವ ಪರೀಕ್ಷೆಗೆ ಅವರ ಹೆಸರೇ ಉಳಿದಿದೆ. ಜಪಾನಿನಲ್ಲಿ 1998ರ ಏಪ್ರಿಲ್‌ನಲ್ಲಿ ನಿಯಮಗಳು ಬಂದವು. ಸಾರಾಂಶ ಸರಳ: ತೆರೆಯ ದೊಡ್ಡ ಭಾಗ ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿನುಗಕೂಡದು, ದಟ್ಟ ಕೆಂಪಿನ ಬಗ್ಗೆ ಇನ್ನಷ್ಟು ಎಚ್ಚರ ಬೇಕು. ‘ಕೋಣೆಯಲ್ಲಿ ದೀಪ ಹಾಕಿ, ದೂರ ಕುಳಿತು ನೋಡಿ’ ಎಂಬ ಸೂಚನೆ ಜಪಾನಿನ ಕಾರ್ಟೂನುಗಳ ಆರಂಭದಲ್ಲಿ ಬರತೊಡಗಿತು.

ಮನೆಯಲ್ಲಿ ಮಾಡಬೇಕಾದದ್ದು

ಟಿವಿ ಸಂಸ್ಥೆಗಳು ನಿಯಮ ಪಾಲಿಸಿದರೂ ಮೊಬೈಲಿನ ವಿಡಿಯೊಗಳನ್ನು ಪರೀಕ್ಷಿಸುವವರು ಯಾರು? ಆದ್ದರಿಂದ ಮನೆಯವರೇ ಕೆಲವು ಮಾತು ನೆನಪಿಡಬೇಕು. ಕತ್ತಲೆ ಕೋಣೆಯಲ್ಲಿ ಟಿವಿ, ಮೊಬೈಲು ನೋಡುವುದು ಬೇಡ. ಟಿವಿಯಿಂದ ಆದಷ್ಟು ದೂರ ಕುಳಿತರೆ ಮಿನುಗುವ ತೆರೆ ಕಣ್ಣಿನಲ್ಲಿ ಕಡಿಮೆ ಜಾಗ ಹಿಡಿಯುತ್ತದೆ. ನಿದ್ದೆಗೆಟ್ಟು ನೋಡಿದರೆ ಅಪಾಯ ಹೆಚ್ಚು. ಮಿನುಗು ಕಂಡು ಕಣ್ಣಿಗೆ ಇರುಸುಮುರುಸಾದರೆ ಕಣ್ಣು ಮುಚ್ಚಿದರೆ ಸಾಲದು. ರೆಪ್ಪೆಯ ಮೂಲಕವೂ ಕೆಂಪು ಬೆಳಕು ಒಳಬರುತ್ತದೆ. ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿ ಮುಖ ತಿರುಗಿಸಬೇಕು. ಆಗ ಮಿದುಳಿಗೆ ತಲುಪುವ ಪ್ರಚೋದನೆ ಬಹಳ ಕಡಿಮೆಯಾಗುತ್ತದೆ.

ಯಾರಿಗಾದರೂ ಫಿಟ್ಸ್ ಬಂದರೆ ಕೈಗೆ ಕಬ್ಬಿಣದ ಬೀಗದಕೈ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು, ಬಾಯಿಗೆ ಚಮಚ ತುರುಕುವುದು—ಯಾವುದೂ ಬೇಡ. ಸುತ್ತಲಿನ ಗಟ್ಟಿ ವಸ್ತುಗಳನ್ನು ಸರಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಟ್ಟು, ಮಗ್ಗುಲಾಗಿ ಮಲಗಿಸಿದರೆ ಜೊಲ್ಲು ಹೊರಹೋಗಿ ಉಸಿರಾಟ ಸರಾಗವಾಗುತ್ತದೆ. ಗಡಿಯಾರ ನೋಡಿಕೊಳ್ಳಬೇಕು. ಹೆಚ್ಚಿನ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನೇ ನಿಲ್ಲುತ್ತದೆ. ಐದು ನಿಮಿಷ ಮೀರಿದರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು.

ಎಲ್ಲಕ್ಕಿಂತ ಕಷ್ಟದ್ದು ಮುಚ್ಚಿಡುವ ಚಾಳಿ. ಅದರಲ್ಲೂ ಹೆಣ್ಣುಮಗುವಾದರೆ ‘ಮುಂದೆ ಮದುವೆಯಾಗುವುದು ಹೇಗೆ’ ಎಂದು ತಾಯ್ತಂದೆಯರು ಶಾಲೆಗೂ ತಿಳಿಸುವುದಿಲ್ಲ. ಹಿಂದೂ ವಿವಾಹ ಕಾಯ್ದೆಯಲ್ಲಿ ಮೂರ್ಛೆರೋಗ ಮದುವೆಗೆ ಅಡ್ಡಿಯೆಂದಿದ್ದ ಮಾತನ್ನು 1999ರಲ್ಲೇ ತೆಗೆದುಹಾಕಲಾಗಿದೆ. ಕಾನೂನು ಬಿಟ್ಟ ಭಯವನ್ನು ಮನೆಗಳು ಬಿಡಲು ಇನ್ನೂ ತಡಮಾಡುತ್ತಿವೆ. ಆ ಸಂಜೆ ಫಿಟ್ಸ್ ಬಂದ ಜಪಾನಿ ಮಕ್ಕಳಲ್ಲಿ ಅನೇಕರಿಗೆ ಅದೇ ಮೊದಲ ಸಲ. ತಮ್ಮ ಮಿದುಳಿನ ಸ್ವಭಾವ ಅವರಿಗೆ ಅಂದಿನವರೆಗೆ ಗೊತ್ತಿರಲಿಲ್ಲ. ಗೊತ್ತಿರುವ ಮನೆಯವರು ತರಗತಿಯ ಶಿಕ್ಷಕರಿಗೆ ಒಂದು ಮಾತು ತಿಳಿಸಿಟ್ಟರೆ, ಮಗು ಬೆಂಚಿನಿಂದ ಕುಸಿದ ಹೊತ್ತಿನಲ್ಲಿ ಬೀಗದಕೈ ಹುಡುಕುವ ಬದಲು ಮಗ್ಗುಲಾಗಿ ಮಲಗಿಸುವ ಕೈಗಳು ಅಲ್ಲಿ ಸಿದ್ಧವಾಗಿರುತ್ತವೆ.